ಬೀಗ ಹಾಕಿಟ್ಟ ದನಿ

ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ, ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ. ಈ ಮೂರು ಮಾತನ್ನು ಪೀಣ್ಯ ಎರಡನೇ ಹಂತದ ಶೆಡ್ಡು ಶೆಡ್ಡಿಗೂ ಹೋಗಿ ಸಾರಿ ಬಂದವನು ನಾನು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಬೇರಿಂಗ್ ಅಂಗಡಿಯೊಂದರ ಮಹಡಿಯ ಮೇಲೆ ನನ್ನದೊಂದು ಸಣ್ಣ ಅಂಗಡಿ ಇತ್ತು. ಸುತ್ತಲಿನ ಮೂವತ್ತರಷ್ಟು ಸಣ್ಣ ಕಾರ್ಖಾನೆಗಳಿಗೆ ಕಂಪ್ಯೂಟರ್ ಜೋಡಿಸಿ ಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕಸುಬು.

ಆ ವರ್ಷ ದೊಡ್ಡ ಕಂಪನಿಯೊಂದು ತನಗೆ ಬಿಡಿಭಾಗ ಮಾಡಿಕೊಡುವ ಸಣ್ಣವರಿಗೆಲ್ಲ ಪತ್ರ ಕಳಿಸಿತು. ತನ್ನ ಡ್ರಾಯಿಂಗುಗಳು ಯಾರ ಕಂಪ್ಯೂಟರಿನಲ್ಲೇ ಇರಲಿ, ಬೀಗ ಹಾಕಿರಬೇಕು ಎಂಬುದು ಅದರ ಸಾರಾಂಶ. ಅಲ್ಲಿಯವರೆಗೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ನೆತ್ತಿಗೆ ಅಂಟಿಸಿಕೊಂಡಿದ್ದ ಮಾಲೀಕರೆಲ್ಲ ಗಾಬರಿಬಿದ್ದು ನನ್ನನ್ನು ಕರೆದರು. ನಾನು ಪುಕ್ಕಟೆಯಾಗಿ ಸಿಗುತ್ತಿದ್ದ ಒಂದು ಎನ್‌ಕ್ರಿಪ್ಷನ್ ಸಾಫ್ಟ್‌ವೇರ್ ಹಾಕಿಕೊಟ್ಟೆ. ಅದರ ಕೆಲಸ ಸರಳ. ಕಂಪ್ಯೂಟರಿನೊಳಗೆ ಒಂದು ದೊಡ್ಡ ಫೈಲು ಮಾಡುತ್ತದೆ, ಅದೇ ಪೆಟ್ಟಿಗೆ. ಪಾಸ್‌ವರ್ಡ್ ಕೊಟ್ಟರೆ ಆ ಪೆಟ್ಟಿಗೆ ಹೊಸದೊಂದು ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಮುಚ್ಚಿದರೆ ಒಳಗಿರುವುದೆಲ್ಲ ತಲೆಬುಡವಿಲ್ಲದ ಅಕ್ಷರಗಳ ರಾಶಿ. ಪಾಸ್‌ವರ್ಡ್ ಮರೆತರೆ ಸಾಫ್ಟ್‌ವೇರ್ ಬರೆದವರಿಂದಲೂ ತೆಗೆಯಲಾಗದು. ಇದನ್ನು ಹೇಳುವಾಗ ನನಗೊಂದು ಹೆಮ್ಮೆ, ಬೀಗವನ್ನು ನಾನೇ ಕಂಡುಹಿಡಿದವನ ಹಾಗೆ.

ಆ ಪಾಠವನ್ನು ಒಂದೇ ಸಲಕ್ಕೆ ಕಲಿತವರು ಒಂದು ಟೂಲ್ ರೂಮಿನ, ಅಂದರೆ ಅಚ್ಚು ಮಾಡುವ ಕಾರ್ಖಾನೆಯ, ಡಿಸೈನರು. ತಗಡನ್ನು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚುಗಳನ್ನು, ಅಂದರೆ ಡೈಗಳನ್ನು, ಮೂವತ್ತು ವರ್ಷ, ಮೊದಲು ಕೈಯಿಂದ, ಆಮೇಲೆ ಕಂಪ್ಯೂಟರಿನಿಂದ ಗೀಚಿದ ಮನುಷ್ಯ. ವಯಸ್ಸು ಐವತ್ತಾರು ಐವತ್ತೇಳು. ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಕ್ರೈಬರ್, ಅಂದರೆ ಲೋಹದ ಮೇಲೆ ಗೀರುವ ಉಕ್ಕಿನ ಸೂಜಿ. ಕೂದಲೆಳೆಯ ಅರ್ಧದಷ್ಟು ವ್ಯತ್ಯಾಸವನ್ನು ಹೆಬ್ಬೆರಳು ಸವರಿ ಹೇಳುತ್ತಿದ್ದರು. ನನ್ನನ್ನು ಕಂಪ್ಯೂಟರ್ ಸ್ವಾಮಿ ಎಂದು ಕರೆಯುತ್ತಿದ್ದರು, ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ.

ಡ್ರಾಯಿಂಗುಗಳ ಪೆಟ್ಟಿಗೆ ಮಾಡಿಕೊಟ್ಟು ಒಂದು ತಿಂಗಳಾಗಿರಬೇಕು. ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಒಂದು ಮೈಕು ಬೇಕು ಎಂದರು. ಆಗಲೇ ದನಿ ಒಡೆದು ಗೊಗ್ಗರಾಗಿತ್ತು. ಗಂಟಲಿನಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರಂತೆ ಡಾಕ್ಟರು. ಆಮೇಲೆ ಮಾತು ಇರುವುದಿಲ್ಲ. ಅದನ್ನು ಅವರು ಒಂದು ಡೈ ಸವೆದಿದೆ, ಬದಲಾಯಿಸಬೇಕು ಎನ್ನುವ ಹಾಗೆ ಹೇಳಿದರು. ಬರೆದು ತೋರಿಸಬಹುದಲ್ಲ ಸಾರ್ ಎಂದೆ ನಾನು, ಸಮಾಧಾನ ಹೇಳಲು ಬಾರದವನು.

“ನಮ್ಮನೆಯವಳಿಗೆ ಓದಕ್ಕೆ ಬರಲ್ಲ ಕಣಯ್ಯ. ನಾನು ಎಷ್ಟು ಚೆನ್ನಾಗಿ ಬರೆದ್ರೆ ಏನು ಬಂತು? ದನಿ ಇರೋವಾಗ್ಲೇ ಒಂದಷ್ಟು ಮಾತು ಸ್ಟಾಕ್ ಮಾಡಿಟ್ಕೋತೀನಿ” ಎಂದರು.

ಅವರ ಯೋಜನೆ ಅವರ ಕಸುಬಿನಷ್ಟೇ ಅಚ್ಚುಕಟ್ಟು. ದಿನನಿತ್ಯ ಮನೆಯಲ್ಲಿ ಆಡುವ ಮಾತುಗಳ ಪಟ್ಟಿ ಮಾಡಿ, ಒಂದೊಂದನ್ನೂ ಒಂದೊಂದು ಫೈಲಾಗಿ ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡಿನ ಮೊಬೈಲಿಗೆ ಹಾಕಿಕೊಳ್ಳುವುದು. ಬೇಕಾದಾಗ ಬಟನ್ ಒತ್ತಿದರೆ ಅಡುಗೆಮನೆಯಲ್ಲಿರುವ ಹೆಂಡತಿಗೆ ಕೇಳಿಸಬೇಕು. ಮಕ್ಕಳಿಲ್ಲದ ಮನೆ ಅದು, ತಿಗಳರಪಾಳ್ಯದಲ್ಲಿ ಆಕೆಯ ತೌರಿನವರ ಸೊಪ್ಪಿನ ತೋಟ ಸೈಟುಗಳಾದಾಗ ಉಳಿದ ಒಂದು ಚೂರಿನಲ್ಲಿ ಕಟ್ಟಿಕೊಂಡದ್ದು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ರೆಕಾರ್ಡ್ ಮಾಡಬೇಕಾದ್ದು ಟೂಲ್ ರೂಮಿನಲ್ಲಿ, ಊಟದ ಬಿಡುವಿನಲ್ಲಿ. ಅಲ್ಲಿಯ ಕಂಪ್ಯೂಟರಿನಲ್ಲಿ ಹಾಡು ಕೇಳುವ ಹುಡುಗರು ನಾಲ್ಕಾರು ಮಂದಿ. ಹೆಂಡತಿಯೊಡನೆ ಆಡುವ ಮಾತು ಅವರ ಕಿವಿಗೆ ಬಿದ್ದರೆ ಮಾನ ಉಳಿಯುತ್ತದೆಯೇ? ಆದ್ದರಿಂದ ತಮ್ಮ ದನಿಗಾಗಿಯೇ ಎರಡನೆಯ ಪೆಟ್ಟಿಗೆಯೊಂದನ್ನು ತಾವೇ ಮಾಡಿಕೊಂಡರು. ಪಾಸ್‌ವರ್ಡ್ ನೆನಪಿನಲ್ಲಿ ಸುಲಭವಾಗಿ ಉಳಿಯುವಂಥದಾಗಬಾರದು, ನಿಮಗೆ ಹೊಳೆದದ್ದು ಇನ್ನೊಬ್ಬನಿಗೂ ಹೊಳೆಯುತ್ತದೆ ಎಂದು ನಾನು ಉಪದೇಶ ಮಾಡಿದ್ದೆ. ಅದನ್ನೂ ಚಾಚೂ ತಪ್ಪದೆ ಪಾಲಿಸಿದರು.

ಗಣಪತಿ ಹಬ್ಬ ಮುಗಿದ ವಾರ ಆಸ್ಪತ್ರೆಯಿಂದ ಫೋನ್ ಬಂತು. ಹೇಳಿದ್ದಕ್ಕಿಂತ ಹದಿನೈದು ದಿನ ಮುಂಚೆಯೇ ಹಾಸಿಗೆ ಖಾಲಿಯಾಗಿದೆ, ನಾಳೆ ಬೆಳಿಗ್ಗೆ ಬಂದು ಸೇರಿಕೊಳ್ಳಿ ಎಂದು. ರೆಕಾರ್ಡಿಂಗ್ ಮುಗಿದಿತ್ತು. ಮೊಬೈಲಿಗೆ ಹಾಕುವುದಷ್ಟೇ ಬಾಕಿ. ಮೊಬೈಲನ್ನೇ ಇನ್ನೂ ತಂದಿರಲಿಲ್ಲ. ಅಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು ಕುಳಿತರು. ಜೇಬಿನಿಂದ ಚೀಟಿಯೊಂದನ್ನು ತೆಗೆದು, “ಇದೊಂದು ನಿನ್ನ ಹತ್ರ ಇಟ್ಕೋ. ಆಪರೇಷನ್ ಅಂದ್ಮೇಲೆ ತಲೆ ಹೆಂಗಿರುತ್ತೋ ಏನೋ” ಎಂದರು.

ಚೀಟಿಯಲ್ಲಿ ಏನಿದೆ ಎಂದು ನನಗೆ ಗೊತ್ತಾಯಿತು. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ. ನಗುತ್ತಲೇ ಹೇಳಿದೆ, “ಬೇಡಿ ಸಾರ್. ನನಗೆ ಗೊತ್ತಾದ್ರೆ ಅದು ಪಾಸ್‌ವರ್ಡೇ ಅಲ್ಲ.”

“ನೀನೊಬ್ಬ ಶಾಸ್ತ್ರದ ಮನುಷ್ಯ ಕಣಯ್ಯ” ಎಂದು ಅವರೂ ನಕ್ಕರು. ಚೀಟಿಯನ್ನು ಹರಿದು ನನ್ನ ಕಸದ ಬುಟ್ಟಿಗೇ ಹಾಕಿ ಮೆಟ್ಟಿಲಿಳಿದು ಹೋದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಬುಟ್ಟಿಯನ್ನು ಅಂದು ಸಂಜೆ ನಾನೇ ಖಾಲಿ ಮಾಡಿದೆ.

ಅವರು ಆಸ್ಪತ್ರೆಯಲ್ಲಿದ್ದಾಗ ನವರಾತ್ರಿ ಬಂತು. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಬೇರೆಲ್ಲ ಹಬ್ಬ ಒಂದು ತೂಕ, ಅದೊಂದೇ ಒಂದು ತೂಕ. ಲೇಥು, ಪ್ರೆಸ್ಸು, ಡ್ರಿಲ್ಲು ಎಲ್ಲವನ್ನೂ ತೊಳೆದು ಬಣ್ಣ ಬಳಿಯುತ್ತಾರೆ. ಕಂಪ್ಯೂಟರಿಗೂ ಕುಂಕುಮ ಬೀಳಬೇಕಾದ್ದರಿಂದ ಅದಕ್ಕೂ ಸ್ನಾನವಾಗಬೇಕು. ಪ್ರತಿ ವರ್ಷ ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಾನು ಓಮ್ನಿ ವ್ಯಾನೊಂದನ್ನು ಬಾಡಿಗೆಗೆ ಹಿಡಿದು ಎಲ್ಲ ಶೆಡ್ಡುಗಳ ಕಂಪ್ಯೂಟರುಗಳನ್ನೂ ಅಂಗಡಿಗೆ ತರುತ್ತಿದ್ದೆ. ಪಕ್ಕದ ತಗಡಿನ ಬಾಗಿಲುಗಳನ್ನು, ನಾವು ಪ್ಯಾನಲ್ ಅನ್ನುತ್ತೇವೆ, ಬಿಚ್ಚಿ ಗೋಡೆಗೆ ಒರಗಿಸುವುದು, ಒಳಗಿನ ದೂಳನ್ನು ಬ್ಲೋವರಿನಿಂದ ಊದುವುದು, ಪ್ಯಾನಲ್ಲಿನ ಹೊರಮೈಗೆ ಥಿನ್ನರ್ ಬಟ್ಟೆ, ಒಳಮೈಯಲ್ಲಿ ತುಕ್ಕು ಕಂಡರೆ ಉಜ್ಜಲು ಎಮೆರಿ ಪೇಪರ್. ಮತ್ತೆ ಮುಚ್ಚಿ, ವ್ಯಾನಿಗೆ ಹೇರಿ, ಹಬ್ಬದ ಹಿಂದಿನ ದಿನ ಅವರವರ ಶೆಡ್ಡಿಗೆ. ಮೂರು ದಿನದಲ್ಲಿ ನಲವತ್ತು ಕಂಪ್ಯೂಟರು. ಎಲ್ಲವೂ ನಾನೇ ಒಂದೇ ಲಾಟಿನಲ್ಲಿ ತರಿಸಿ ಜೋಡಿಸಿದ ಕರಿಯ ಕ್ಯಾಬಿನೆಟ್ಟುಗಳು. ಡಿಸೈನರ ಕಂಪ್ಯೂಟರೂ ಅವುಗಳಲ್ಲೊಂದು.

ದೀಪಾವಳಿಯ ಹೊತ್ತಿಗೆ ಅವರು ಮನೆಗೆ ಬಂದರು. ಟೂಲ್ ರೂಮಿನ ಮಾಲೀಕರು ಒಳ್ಳೆಯವರು, ಕೈಲಾದಾಗ ಮನೆಯಿಂದಲೇ ಡ್ರಾಯಿಂಗ್ ಮಾಡಿಕೊಡಿ ಎಂದು ಆ ಕಂಪ್ಯೂಟರನ್ನು ಅವರ ಮನೆಗೇ ಕಳಿಸಿಕೊಟ್ಟರು. ಎರಡು ದಿನ ಬಿಟ್ಟು ಮಾಲೀಕರೇ ನನಗೆ ಫೋನ್ ಮಾಡಿ, ಅವರು ಕರೀತಿದ್ದಾರೆ, ಬೇಗ ಹೋಗು ಎಂದರು.

ಹೋದಾಗ ಡಿಸೈನರು ಕ್ಯಾಬಿನೆಟ್ಟಿನ ಪ್ಯಾನಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕತ್ತಿಗೆ ಪಟ್ಟಿ, ಅದರ ನಡುವೆ ಉಸಿರಾಡಲು ಒಂದು ಕೊಳವೆ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಒಂದು ಸ್ಲೇಟು ಎತ್ತಿ ನನ್ನ ಮುಂದೆ ಹಿಡಿದರು. ಡ್ರಾಯಿಂಗಿನ ಅಕ್ಷರದಷ್ಟೇ ನೆಟ್ಟಗೆ ಬರೆದಿದ್ದರು: “ಪಾಸ್‌ವರ್ಡ್ ಇಲ್ಲಿ ಒಳಗಡೆ ಗೀರಿದ್ದೆ. ಇಲ್ಲ.”

ನಾನು ಚೀಟಿ ತೆಗೆದುಕೊಳ್ಳದ ದಿನ ಅವರು ನೇರ ಟೂಲ್ ರೂಮಿಗೆ ಹೋಗಿ, ಪ್ಯಾನಲ್ ಬಿಚ್ಚಿ, ಒಳಮೈಗೆ ಮಾರ್ಕಿಂಗ್ ಬ್ಲೂ ಹಚ್ಚಿದ್ದರು. ಉಕ್ಕಿನ ಮೇಲೆ ಗೆರೆ ಎಳೆಯುವ ಮೊದಲು ಟೂಲ್ ರೂಮಿನವರು ಬಳಿಯುವ ನೀಲಿ ಬಣ್ಣ ಅದು, ಅದರ ಮೇಲೆ ಸ್ಕ್ರೈಬರಿನಿಂದ ಗೀರಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಕಾಗದ ಕಳೆದುಹೋಗಬಹುದು, ತಗಡಿನ ಮೇಲೆ ಗೀರಿದ್ದು ಎಲ್ಲಿ ಹೋಗುತ್ತದೆ ಎಂಬುದು ಅವರ ಲೆಕ್ಕ.

ಪ್ಯಾನಲ್ಲಿನ ಒಳಮೈ ನೋಡಿದೆ. ಎಮೆರಿ ಹಾಕಿ ಉಜ್ಜಿದ ಗುರುತು ಕಣ್ಣಿಗೆ ಹೊಡೆಯುವಂತಿತ್ತು. ನನ್ನದೇ ಕೈ, ಉದ್ದುದ್ದಕ್ಕೆ ಎಳೆದದ್ದು. ಬಾಯಿಗೆ ಬಂದದ್ದು ಒಂದೇ ಮಾತು. “ತಪ್ಪಾಯ್ತು ಸಾರ್. ಹಬ್ಬಕ್ಕೆ ತುಕ್ಕು ತೆಗೆಯೋವಾಗ ನಾನೇ ಉಜ್ಜಿಬಿಟ್ಟಿದ್ದೀನಿ.”

ಅವರು ಸಿಟ್ಟಾಗಲಿಲ್ಲ. ಪ್ಯಾನಲ್ಲನ್ನು ಕ್ಯಾಬಿನೆಟ್ಟಿಗೆ ಕೂರಿಸಲು ನೋಡಿದರು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಸ್ಲೇಟಿನ ಮೇಲೆ ಬರೆದರು: “ಇದು ಸರಿಯಾಗಿ ಕೂರುತ್ತಿಲ್ಲ.”

“ಲೋಕಲ್ ಕ್ಯಾಬಿನೆಟ್ ಸಾರ್, ಬಿಚ್ಚಿ ಬಿಚ್ಚಿ ಹಂಗಾಗುತ್ತೆ” ಎಂದು ನಾನು ಅಂಗೈಯಿಂದ ಒಂದು ಏಟು ಕೊಟ್ಟು ಕೂರಿಸಿದೆ. ಅವರು ಸ್ಲೇಟನ್ನು ತೋಳಿನಿಂದ ಒರೆಸಿದರು.

ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಎತ್ತರದ, ಗಟ್ಟಿ ಕೈಕಾಲಿನ ಹೆಂಗಸು. ಸ್ಲೇಟನ್ನೂ ನನ್ನನ್ನೂ ನೋಡುತ್ತ, “ಏನಂತಾವ್ರೆ ಅಣ್ಣ?” ಎಂದರು. ಫೈಲು ತೆರೆಯಲು ಸ್ವಲ್ಪ ಸಮಯ ಹಿಡಿಯುತ್ತೆ ಅಂತಿದ್ದಾರೆ ಅಕ್ಕ ಎಂದೆ. ಅದನ್ನು ಅವರು ಬರೆದಿರಲಿಲ್ಲ.

ಅಂದಿನಿಂದ ವಾರಕ್ಕೆ ಎರಡು ಮೂರು ಮಧ್ಯಾಹ್ನ ನಾನು ತಿಗಳರಪಾಳ್ಯದಲ್ಲೇ. ಮೊದಲು ಆ ಪೆಟ್ಟಿಗೆಯ ಫೈಲನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿಟ್ಟೆ. ಪಾಸ್‌ವರ್ಡಿನ ಬಗ್ಗೆ ಅವರಿಗೆ ಏನೇನು ನೆನಪಿದೆ ಎಂದು ಕೇಳಿ ಕೇಳಿ ಬರೆದುಕೊಂಡೆ. ಬೇನೆ, ಔಷಧಿ, ಮೇಲೆ ಕರೆಂಟು ಎಂದು ಜನ ಕರೆಯುವ ರೇಡಿಯೇಷನ್ ಚಿಕಿತ್ಸೆ ಎಲ್ಲ ಸೇರಿ ತಲೆ ಮಂಜುಗಟ್ಟಿತ್ತು. ಉಳಿದದ್ದು ಇಷ್ಟು: ಅಕ್ಷರ ಅಲ್ಲ, ಅಂಕಿ. ಯಾವುದೋ ಡೈನ ಮೂರು ಅಳತೆಗಳು, ಒಂದರ ಪಕ್ಕ ಒಂದು. ಯಾವ ಡೈ ಎಂದರೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಹೆಸರು ನಾಲಗೆಯ ತುದಿಯಲ್ಲಿದೆ ಎನ್ನಲು ಅವರಿಗೆ ನಾಲಗೆಯೂ ಒದಗುತ್ತಿರಲಿಲ್ಲ.

ಡ್ರಾಯಿಂಗುಗಳ ಪೆಟ್ಟಿಗೆಯ ಪಾಸ್‌ವರ್ಡ್ ಮಾಲೀಕರಿಗೆ ಗೊತ್ತಿತ್ತು. ಅದನ್ನು ತೆರೆದು ಒಂದೊಂದು ಡ್ರಾಯಿಂಗಿನ ಅಳತೆಗಳನ್ನೂ ಪಟ್ಟಿ ಮಾಡಿದೆ. ಒಂದು ಡ್ರಾಯಿಂಗಿನಲ್ಲಿ ನಲವತ್ತು ಅಳತೆ ಇದ್ದರೆ, ಅವುಗಳಲ್ಲಿ ಮೂರನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಲು ಸುಮಾರು ಅರವತ್ತು ಸಾವಿರ ದಾರಿ. ಒಂದೊಂದನ್ನೂ ತಾನೇ ಹಾಕಿ ನೋಡುವ ಸಣ್ಣ ಪ್ರೋಗ್ರಾಮ್ ಬರೆದೆ. ಕದಿಯುವವನು ಹೀಗೆಯೇ ಮಾಡುತ್ತಾನೆಂದು ಆ ಸಾಫ್ಟ್‌ವೇರಿಗೆ ಗೊತ್ತು. ಅದಕ್ಕೇ ಬೇಕೆಂದೇ ನಿಧಾನ ಮಾಡುತ್ತದೆ, ಒಂದು ಸಲಕ್ಕೆ ಒಂದು ಸೆಕೆಂಡಾದರೂ ಹಿಡಿಯುತ್ತದೆ. ಒಂದು ಡ್ರಾಯಿಂಗಿಗೆ ಮುಕ್ಕಾಲು ದಿನ. ಡ್ರಾಯಿಂಗುಗಳು ಮುನ್ನೂರಕ್ಕೂ ಹೆಚ್ಚು.

ಅಳತೆಗಳ ಪಟ್ಟಿ ನೋಡಿ ಅವರು ಸ್ಲೇಟಿನಲ್ಲಿ, “ಟಾಲರೆನ್ಸ್?” ಎಂದು ಬರೆದರು. ಅಂದರೆ ಅಳತೆ ಎಷ್ಟು ಹೆಚ್ಚು ಕಡಿಮೆಯಾಗಬಹುದು ಎಂದು ಪಕ್ಕದಲ್ಲಿ ಬರೆಯುವ ಪ್ಲಸ್ಸು ಮೈನಸ್ಸು. ಅದನ್ನೂ ಸೇರಿಸಿದರೆ ವರ್ಷಗಟ್ಟಲೆ ಆಗುತ್ತೆ ಸಾರ್, ಮೊದಲು ಬರೀ ಅಂಕಿ ನೋಡೋಣ ಎಂದೆ. ಹೇಳಿಕೇಳಿ ನಾನು ಕಂಪ್ಯೂಟರ್ ಸ್ವಾಮಿ. ಅವರು ತಲೆಯಾಡಿಸಿದರು.

ಈ ನಡುವೆ ನಾನು ಬಯಸದ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂತು. ನಾನು ಕುಳಿತಿದ್ದಷ್ಟು ಹೊತ್ತು ಆ ಮನೆಯಲ್ಲಿ ಓದು ಬಲ್ಲ ಒಬ್ಬನಿದ್ದಾನೆ. ಗಂಡ ಬರೆಯುವುದು, ನಾನು ಓದುವುದು, ಹೆಂಡತಿ ಉತ್ತರ ಕೊಡುವುದು. ಎದುರಿಗೆ ಕುಳಿತಾಗ ತುಟಿ ನೋಡಿ ಸಣ್ಣಪುಟ್ಟದ್ದನ್ನು ಆಕೆ ಅರ್ಥ ಮಾಡಿಕೊಳ್ಳುತ್ತಿದ್ದರು. ಉದ್ದದ ಮಾತುಗಳೆಲ್ಲ ನಾನು ಬರುವವರೆಗೆ ಕಾದಿರುತ್ತಿದ್ದವು. ಬಾಡಿಗೆದಾರನ ವಿಷಯ, ತೌರಿನ ಮದುವೆಗೆ ಹೋಗುವುದೋ ಬೇಡವೋ, ಗಂಜಿಗೆ ಉಪ್ಪು ಕಡಿಮೆ. ಒಮ್ಮೆ ಇಬ್ಬರಿಗೂ ಜಗಳ ಹತ್ತಿತು. ಔಷಧಿ ಕುಡಿಯಲ್ಲ ಎಂದು ಅವರು ಬರೆದರು, ನಾನು ಓದಿದೆ, ಆಕೆ ನನ್ನ ಮೇಲೆ ಹರಿಹಾಯ್ದರು. ಮಧ್ಯೆ ಸಿಕ್ಕ ನಾನು ಇಬ್ಬರಿಗೂ ಹೌದು ಹೌದು ಎನ್ನುತ್ತಿದ್ದೆ. ಮೂವರಿಗೂ ನಗು ಬಂತು. ಅವರ ನಗುವಿನಲ್ಲಿ ಸದ್ದು ಇರಲಿಲ್ಲ, ಕೊಳವೆಯಲ್ಲಿ ಗಾಳಿ ಮಾತ್ರ ಓಡಾಡಿತು. ಆಕೆಯ ನಗು ಅಲ್ಲಿಗೇ ನಿಂತಿತು.

ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಇದೆ, ಗಾಯ ಒಣಗಲಿ, ಕೊಡುತ್ತೇವೆ ಎಂದಿದ್ದರು ಡಾಕ್ಟರು. ಗಾಯ ಒಣಗಲಿಲ್ಲ.

ಸಂಕ್ರಾಂತಿ ಕಳೆದರೂ ಪೆಟ್ಟಿಗೆ ತೆರೆಯಲಿಲ್ಲ. ನೂರು ಡ್ರಾಯಿಂಗು ಮುಗಿದಿದ್ದವು. ಹೋದಾಗಲೆಲ್ಲ ಪ್ರೋಗ್ರಾಮಿನ ಕೊನೆಯ ಸಾಲು ನೋಡುವುದು, “ಪಾಸ್‌ವರ್ಡ್ ತಪ್ಪು” ಎಂದಿರುವುದು, ಹೊಸ ಪಟ್ಟಿ ಹಚ್ಚುವುದು. ಸುಮ್ಮನೆ ಕೂರಲಾರದೆ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ರೆಕಾರ್ಡ್ ಮಾಡಿದ್ದ ಮಾತುಗಳಲ್ಲಿ ನೆನಪಿದ್ದಷ್ಟನ್ನು ಬರೆದುಕೊಡಿ ಸಾರ್, ಸದ್ಯಕ್ಕೆ ನಾನು ನನ್ನ ದನಿಯಲ್ಲಿ ಹೇಳಿ ಮೊಬೈಲಿಗೆ ಹಾಕಿಕೊಡುತ್ತೇನೆ ಎಂದೆ. ಅವರು ಹನ್ನೆರಡು ಸಾಲು ಬರೆದುಕೊಟ್ಟರು. ಬರೆಯುವಾಗ ನನ್ನ ಮುಖ ನೋಡಲಿಲ್ಲ. ನಾನು ಅಂಗಡಿಯ ಬಾಗಿಲು ಮುಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಹನ್ನೆರಡನ್ನೂ ಹೇಳಿ ರೆಕಾರ್ಡ್ ಮಾಡಿದೆ.

ಮಾರನೆಯ ದಿನ ಅವರ ಕೈಗೆ ಮೊಬೈಲು ಕೊಟ್ಟು ಯಾವ ಬಟನ್ನಿಗೆ ಯಾವ ಮಾತು ಎಂದು ತೋರಿಸಿದೆ. ಅವರು ಮೊದಲನೆಯದನ್ನು ಒತ್ತಿದರು. “ಏ ಇವಳೇ, ಸ್ವಲ್ಪ ನೀರು ಕೊಡು” ಎಂದು ನನ್ನ ದನಿ ಹಜಾರದಲ್ಲಿ ಮೊಳಗಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಕೆ ಬಂದರು. ಮುಖ ಕೆಂಪಾಗಿತ್ತು. ನೀರು ತಂದಿರಲಿಲ್ಲ. ಗಂಡನ ಕೈಯಿಂದ ಮೊಬೈಲು ತೆಗೆದು ನನ್ನ ಮುಂದೆ ಇಟ್ಟರು.

“ಇದು ಬ್ಯಾಡ ಅಣ್ಣ. ಇನ್ನೊಬ್ಬ ಗಂಡಸಿನ ಬಾಯಲ್ಲಿ ಇವಳೇ ಅನ್ನಿಸ್ಕಳಾಕೆ ನಂಗಾಗಾಕಿಲ್ಲ. ನೀವು ನಮ್ಗೆ ಒಳ್ಳೇದು ಮಾಡಾಕೆ ಹೋದ್ರಿ, ಅದು ಗೊತ್ತು. ಅವ್ರು ತಟ್ಟೆ ಬಡೀಲಿ, ಸಾಕು, ನಾ ಬತ್ತೀನಿ.”

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮೂವತ್ತು ವರ್ಷ ಒಂದೇ ಬಾಯಿಂದ ಬಂದ ಕರೆಯನ್ನು ನಾನು ಸ್ಪೇರ್ ಪಾರ್ಟ್ ಬದಲಾಯಿಸಿದ ಹಾಗೆ ಬದಲಾಯಿಸಲು ಹೋಗಿದ್ದೆ. ಡಿಸೈನರು ಸ್ಲೇಟಿನ ಮೇಲೆ ಒಂದು ಮಾತು ಬರೆದು ನನ್ನ ಕಡೆ ತಿರುಗಿಸಿದರು. “ಅವಳು ಹೇಳಿದ್ದು ಸರಿ.”

ಯುಗಾದಿಯ ಹೊತ್ತಿಗೆ ಬೇನೆ ಮತ್ತೆ ಎದ್ದಿತು, ಈ ಸಲ ಕತ್ತಿನ ಇನ್ನೊಂದು ಪಕ್ಕದಲ್ಲಿ. ಡಾಕ್ಟರು ಹೆಚ್ಚು ಏನೂ ಹೇಳದೆ ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ನಾನು ಹೊಸ ಪಟ್ಟಿ ಹಚ್ಚುತ್ತಿದ್ದೆ. ಅವರು ನನ್ನ ತೋಳು ಹಿಡಿದು ತಡೆದರು. ಅಕ್ಷರಗಳು ಆಗ ಮೊದಲಿನಷ್ಟು ನೆಟ್ಟಗಿರಲಿಲ್ಲ. “ನಿಲ್ಲಿಸು. ಕರೆಂಟು ದಂಡ. ನೀನು ಬಂದರೆ ಕೂತು ಮಾತಾಡು.”

ನಿಲ್ಲಿಸಿದೆ. ಇದು ಸರಿಯೋ ತಪ್ಪೋ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ಅವರ ಎದುರು ನಿಲ್ಲಿಸಿ ಅಂಗಡಿಯಲ್ಲಿ ಕದ್ದು ಮುಂದುವರಿಸಬಹುದಾಗಿತ್ತು, ನಕಲು ನನ್ನ ಬಳಿ ಇತ್ತು. ಆದರೆ ಆ ಪ್ರೋಗ್ರಾಮು ಓಡುತ್ತಿದ್ದಷ್ಟು ದಿನ ಇಬ್ಬರ ಕಣ್ಣೂ ಆ ಪರದೆಯ ಮೇಲೇ ಇರುತ್ತಿತ್ತು. ಬೀಗ ತೆಗೆಯುವವರೆಗೆ ಬದುಕನ್ನು ಪಕ್ಕಕ್ಕಿಟ್ಟವರ ಹಾಗೆ ಇಬ್ಬರೂ ಕಾದಿದ್ದರು. ಅವರಿಗೆ ಕಾಯಲು ಹೆಚ್ಚು ದಿನ ಇರಲಿಲ್ಲ. ಅವರಿಗೂ ಗೊತ್ತಿತ್ತು. ಆಮೇಲೆ ಹೋದಾಗಲೆಲ್ಲ ಕಂಪ್ಯೂಟರ್ ಮುಟ್ಟಲಿಲ್ಲ, ಸ್ಲೇಟು ಓದಿದೆ ಅಷ್ಟೆ.

ಆಷಾಢದಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು. ಅದು ಇನ್ನು ತೆಗಿಯಾಕಿಲ್ವಾ ಎಂದು. ಇಲ್ಲ ಅಕ್ಕ ಎಂದೆ. ಅವರಿಗೆ ಆಸೆ ಉಳಿಸಬಾರದು ಎಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಮತ್ತೆ ನವರಾತ್ರಿ. ಮತ್ತೆ ಓಮ್ನಿ ವ್ಯಾನು, ನಲವತ್ತು ಕಂಪ್ಯೂಟರು. ಎರಡನೆಯ ದಿನ ಬೆಳಿಗ್ಗೆ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯೊಂದರ ಕಂಪ್ಯೂಟರ್ ಬಿಚ್ಚಲು ಹೋದರೆ ಪ್ಯಾನಲ್ ಬಿಗಿಯಾಗಿ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದೆ. ಪ್ಯಾನಲ್ ಕೈಗೆ ಬಂತು. ಒಳಮೈಯಲ್ಲಿ ಅಂಗೈ ಅಗಲದ ನೀಲಿ, ಅದರ ಮೇಲೆ ಬೆಳ್ಳಗೆ, ನೆಟ್ಟಗೆ, ಡ್ರಾಯಿಂಗಿನ ಅಂಕಿಗಳು. ಮೂರು ಅಳತೆ. ಮೂರನೆಯದರ ಪಕ್ಕದಲ್ಲಿ ಟಾಲರೆನ್ಸ್.

ಆಗ ಎಲ್ಲ ತಿಳಿಯಿತು. ಹಿಂದಿನ ವರ್ಷ ಒಂದೇ ಗೋಡೆಗೆ ಒರಗಿಸಿದ ನಲವತ್ತು ಕರಿಯ ಪ್ಯಾನಲ್ಲುಗಳಲ್ಲಿ ಎರಡು ಅದಲು ಬದಲಾಗಿದ್ದವು. ಡಿಸೈನರ ಪ್ಯಾನಲ್ಲನ್ನು ನಾನು ಉಜ್ಜಿಯೇ ಇರಲಿಲ್ಲ, ಹಬ್ಬದ ಅವಸರದಲ್ಲಿ ಅದರ ನೀಲಿಯೂ ಕಣ್ಣಿಗೆ ಬಿದ್ದಿರಲಿಲ್ಲ, ರಟ್ಟಿನ ಕಾರ್ಖಾನೆಯದನ್ನು ಉಜ್ಜಿ ಅವರ ಕಂಪ್ಯೂಟರಿಗೆ ಹಾಕಿದ್ದೆ. ಇದು ಕೂರುತ್ತಿಲ್ಲ ಎಂದು ಅವರು ಬರೆದು ತೋರಿಸಿದ್ದರು. ಕೂದಲೆಳೆ ಅಳೆಯುವ ಮನುಷ್ಯ ಹೇಳಿದ್ದನ್ನು ಒಂದು ಕ್ಷಣ ಕಿವಿಗೆ ಹಾಕಿಕೊಂಡಿದ್ದರೆ, ಒಂದು ಬೆಳಗಿನ ಹೊತ್ತು ನನ್ನ ಗಿರಾಕಿಗಳ ಶೆಡ್ಡು ಸುತ್ತಿ ಬಂದಿದ್ದರೆ, ಸಾಕಿತ್ತು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವ ಆತುರದಲ್ಲಿ ಅದು ಯಾವ ತಪ್ಪು ಎಂದು ನಾನು ನೋಡಲೇ ಇಲ್ಲ. ಒಪ್ಪಿಕೊಂಡಿದ್ದರಿಂದ ನನ್ನ ಮನಸ್ಸು ಹಗುರಾಯಿತು, ಅವರ ಬೀಗ ಹಾಗೇ ಉಳಿಯಿತು.

ನನ್ನಲ್ಲಿದ್ದ ನಕಲು ತೆಗೆದು ಆ ಅಂಕಿಗಳನ್ನು ಒಂದೊಂದಾಗಿ ಒತ್ತಿದೆ. ಪೆಟ್ಟಿಗೆ ಒಂದೇ ಸಲಕ್ಕೆ ತೆರೆಯಿತು. ನಲವತ್ತೊಂದು ಫೈಲು, ಒಂದರಿಂದ ನಲವತ್ತೊಂದರವರೆಗೆ ನಂಬರು. ಒಂದನ್ನಾದರೂ ಕೇಳಿ ಸರಿಯಿದೆಯೇ ಎಂದು ನೋಡುವುದು ಕಸುಬಿನ ಕ್ರಮ. ನೋಡಲಿಲ್ಲ. ಅವು ನನಗಾಗಿ ಆಡಿದ ಮಾತುಗಳಲ್ಲ. ಎಲ್ಲವನ್ನೂ ಒಂದು ಮೊಬೈಲಿಗೆ ಹಾಕಿಕೊಂಡು, ಬಿಚ್ಚಿದ ಕಂಪ್ಯೂಟರುಗಳನ್ನು ಹಾಗೇ ಬಿಟ್ಟು, ತಿಗಳರಪಾಳ್ಯಕ್ಕೆ ಹೋದೆ.

ಆಕೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಹೋಗಿ ಕುಳಿತ ಮೇಲೆ ಎಲ್ಲವನ್ನೂ ಹೇಳಿದೆ, ಏನೂ ಮುಚ್ಚಲಿಲ್ಲ. ಚೀಟಿ ಬೇಡ ಎಂದದ್ದು, ಪ್ಯಾನಲ್ ಬದಲಾದದ್ದು, ಅವರು ಬರೆದು ತೋರಿಸಿದರೂ ನಾನು ಏಟು ಕೊಟ್ಟು ಕೂರಿಸಿದ್ದು. ಆಕೆ ಕೊನೆಯವರೆಗೂ ಕೇಳಿದರು.

“ಅವ್ರಿದ್ದಾಗ ಎಲ್ಲಿತ್ತು ಅದು?”

“ಟೂಲ್ ರೂಮಿಂದ ಮೂರು ರಸ್ತೆ ಆಚೆ, ಅಕ್ಕ.”

“ಮೂರೇ ರಸ್ತೆ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಹಾಕಿ ಎಂದರು.

ಮೊದಲನೆಯದನ್ನು ಒತ್ತಿದೆ. ಒಡೆದ, ಗೊಗ್ಗರು ದನಿ, ಆದರೂ ಅವರದೇ. “ಏ ಇವಳೇ, ಸ್ವಲ್ಪ ನೀರು ಕೊಡು.” ಹಿಂದೆ ಎಲ್ಲೋ ಪ್ರೆಸ್ಸಿನ ಸದ್ದು. ಎರಡನೆಯದು, “ಸಾಕು, ಇನ್ನು ಹಾಕ್ಬೇಡ.” ಮೂರನೆಯದು, “ಫ್ಯಾನ್ ಆಫ್ ಮಾಡು, ಚಳಿ ಆಗುತ್ತೆ.” ಎಲ್ಲ ಇಂಥವೇ. ಬದುಕಿರುವವನಿಗೆ ಬೇಕಾಗುವ ಮಾತುಗಳು. ಗಂಡ ಹೆಂಡತಿಗೆ ಬಿಟ್ಟುಹೋಗುವ ಮಾತು ಎಂದು ನಾನು ಅಂದುಕೊಂಡದ್ದು ಒಂದೂ ಅದರಲ್ಲಿರಲಿಲ್ಲ. ಅವರು ಸಾಯುವುದಕ್ಕೆಂದು ರೆಕಾರ್ಡ್ ಮಾಡಿದ್ದಲ್ಲ, ಇನ್ನೂ ಇಪ್ಪತ್ತು ವರ್ಷ ಈ ಮನೆಯಲ್ಲಿ ಇರುವುದಕ್ಕೆಂದು ಮಾಡಿದ್ದು. ಆಕೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೇಳುತ್ತಿದ್ದರು.

ಏಳನೆಯದೋ ಎಂಟನೆಯದೋ, “ಬಾಗಿಲು ತೆಗಿಯೇ, ನಾನೇ” ಎಂದಿತು.

ಆಕೆ ಎದ್ದರು. ಯೋಚಿಸಿ ಎದ್ದದ್ದಲ್ಲ, ಕಾಲುಗಳೇ ಎದ್ದವು. ನಾಲ್ಕು ಹೆಜ್ಜೆ ಹೋಗಿ ಮುಂಬಾಗಿಲಿನ ಚಿಲಕಕ್ಕೆ ಕೈ ಹಾಕಿದವರು ಅಲ್ಲೇ ನಿಂತರು. ನಾನು ಗಾಬರಿಯಿಂದ ಮೊಬೈಲು ಆಫ್ ಮಾಡಲು ಹೋದೆ.

“ನಿಲ್ಲಿಸ್ಬ್ಯಾಡಿ” ಎಂದರು, ತಿರುಗದೆಯೇ.

ಮುಂದಿನದು ತಾನೇ ಶುರುವಾಯಿತು. “ನಿಂದು ಊಟ ಆಯ್ತಾ?” ಆಮೇಲೆ ಮೌನ. ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ, ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಉತ್ತರಕ್ಕೆಂದು ಅವರು ಅಳತೆ ಮಾಡಿ ಜಾಗ ಬಿಟ್ಟಿದ್ದರು.

“ಇಲ್ಲ” ಎಂದರು ಆಕೆ, ಬಾಗಿಲಿಗೆ ಮುಖ ಮಾಡಿಕೊಂಡು.

“ಹಂಗಾರೆ ಹೋಗು, ಮೊದ್ಲು ಊಟ ಮಾಡು” ಎಂದಿತು ದನಿ.